ಮಾಗಣಿಪೇಟೆಯ ಕುಣಿಯೊಡ್ಡು

ಮಾಗಣಿಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು ನೇಕಾರ ಓಣಿಯ ಕಡೆಗೆ ನಡೆದರೆ, ಹೆಣ್ಣುಮಕ್ಕಳ ಶಾಲೆಯ ಹಿಂದೆ ಹುಲ್ಲು ಹೊದ್ದ ಉದ್ದನೆಯ ಮಣ್ಣಿನ ದಿಬ್ಬವೊಂದು ಅಡ್ಡ ಬರುತ್ತದೆ. ಅಣೆಕಟ್ಟು ಎಂದರೆ ಅದಕ್ಕೇ ನಾಚಿಕೆಯಾದೀತು, ಅಷ್ಟು ಚಿಕ್ಕದು. ಬೆಳಿಗ್ಗೆ ಅದರ ಮೇಲೆ ಪಿಂಚಣಿದಾರರು ವಾಯುವಿಹಾರ ಮಾಡುತ್ತಾರೆ, ಮಧ್ಯಾಹ್ನ ಮಕ್ಕಳು ರಟ್ಟಿನ ಹಾಳೆಯ ಮೇಲೆ ಕುಳಿತು ಜಾರುತ್ತಾರೆ, ಸಂಜೆ ಆಡುಗಳು ಯಾರ ಅಪ್ಪಣೆಯೂ ಇಲ್ಲದೆ ಮೇಯುತ್ತವೆ. ದಿಬ್ಬದ ಬುಡದಲ್ಲಿ ಕಲ್ಲಿನ ತೂಬೊಂದಿದೆ. ಅದರಿಂದ ಸೊಕ್ಕಿನಹಳ್ಳದ ನೀರು ತಲೆ ತಗ್ಗಿಸಿಕೊಂಡು ಊರೊಳಗೆ ಹರಿಯುತ್ತದೆ. ಪುರಸಭೆಯವರು ನೆಟ್ಟ ಫಲಕದಲ್ಲಿ ‘ಪ್ರವಾಹ ತಡೆ ಮಣ್ಣಿನ ಒಡ್ಡು’ ಎಂದು ಬರೆದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನಲ್ಲಿ ಯಾರೂ ತೋರಿಸಲಾರರು. ಎಲ್ಲರ ಬಾಯಲ್ಲೂ ಅದು ಕುಣಿಯೊಡ್ಡು.

ಹೊಸಬರು ಈ ಹೆಸರು ಕೇಳಿ ಮುಖ ಹುಳ್ಳಗೆ ಮಾಡುವುದುಂಟು. ನಮ್ಮ ಕಡೆ ಹೆಣ ಹೂಳುವ ಗುಂಡಿಗೂ ಕುಣಿ ಎನ್ನುತ್ತೇವಲ್ಲ, ಅದೇ ಕಾರಣ. ವರ್ಗವಾಗಿ ಬಂದ ಮಾಸ್ತರರೊಬ್ಬರು ತಿಂಗಳುಗಟ್ಟಲೆ ಒಡ್ಡಿನ ದಾರಿ ಬಿಟ್ಟು ಸುತ್ತುಬಳಸಿ ಶಾಲೆಗೆ ಹೋಗುತ್ತಿದ್ದರು. ಅವರನ್ನು ಕರೆದು ಚಹಾ ಕೊಟ್ಟು ಈ ಐತಿಹ್ಯವನ್ನು ಹೇಳಿದವನು ನಾನೇ. ಈಗ ಅವರೂ ದಿನಾ ಆ ದಿಬ್ಬವನ್ನು ಏರಿಯೇ ಹೋಗುತ್ತಾರೆ. ಈ ಕುಣಿ ಸತ್ತವರದಲ್ಲ, ದುಡಿಯುವವರದು. ಅದು ಹೇಗೆಂಬುದನ್ನು ಹಿರಿಯರಿಂದ ಕೇಳಿದಂತೆ ಇಲ್ಲಿ ಹೇಳುತ್ತೇನೆ.

ಹಿಂದೆ ಒಮ್ಮೆ ನೇಕಾರ ಓಣಿಯ ಮನೆಮನೆಯಲ್ಲೂ ಕುಣಿಮಗ್ಗಗಳಿದ್ದವು. ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು ಮಗ್ಗದ ಮೆಟ್ಟನ್ನು ತುಳಿಯುತ್ತ ನೇಯುವುದು ವಾಡಿಕೆ. ವರ್ಷವಿಡೀ ಸೊಕ್ಕಿನಹಳ್ಳದಲ್ಲಿ ಕೋಳಿಮರಿಯೂ ಮುಳುಗದಷ್ಟು ನೀರು. ಆದರೆ ಕರಿಗುಡ್ಡದ ಮೇಲೆ ಒಂದು ಜೋರು ಮಳೆ ಬಿತ್ತೆಂದರೆ ಅದು ಹೇಳದೆ ಕೇಳದೆ ಓಣಿಗೆ ನುಗ್ಗುತ್ತಿತ್ತು. ಮನೆಗೆ ಬಂದ ನೀರು ಮೊದಲು ಇಳಿಯುವುದು ಕುಣಿಗೆ. ಮೆಟ್ಟು ತೇಲುತ್ತಿತ್ತು, ಹಾಸಿದ ನೂಲು ಕೆಸರಾಗುತ್ತಿತ್ತು, ಕುಣಿ ಒಣಗುವವರೆಗೆ ನೇಕಾರ ಕೈಕಟ್ಟಿ ಕುಳಿತಿರಬೇಕಿತ್ತು. ಇದಕ್ಕಿಂತ ದೊಡ್ಡ ಸಂಕಟವೆಂದರೆ, ಆ ಓಣಿಗೆ ಹೆಣ್ಣು ಕೊಡುವವರೇ ಇಲ್ಲವಾದರು. ಮೀಸೆ ಹಣ್ಣಾದ ಬ್ರಹ್ಮಚಾರಿಗಳು ಓಣಿಯ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರು ಎನ್ನುತ್ತಾರೆ.

ಆ ಓಣಿಯಲ್ಲಿ ಚೌಡವ್ವ ಎಂಬ ಮುದುಕಿಯಿದ್ದಳು. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ತಂದೆತಾಯಿ ಇಲ್ಲದ ಮೊಮ್ಮಗ ದಾನಪ್ಪನನ್ನು ಅವಳೇ ಸಾಕಿದ್ದಳು. ಅವನೂ ಆ ಕಟ್ಟೆಯ ಸಾಲಿಗೆ ಸೇರಿಬಿಟ್ಟಾನೆಂಬ ಚಿಂತೆ ಅವಳ ಎದೆ ಕೊರೆಯುತ್ತಿತ್ತು. ದಾನಪ್ಪನ ಮನಸ್ಸು ಎರೆಹೊಸೂರಿನ ಬನವ್ವನ ಮೇಲಿತ್ತು. ಬನವ್ವನಿಗೂ ಒಲ್ಲೆನೆಂಬುದಿರಲಿಲ್ಲ. ಎರೆಹೊಸೂರಿನವರು ಅದೇ ಕುಲದವರಾದರೂ ನೇಯುವವರಲ್ಲ. ಸೀರೆಯ ಗಂಟು ಹೆಗಲಿಗೇರಿಸಿ ಸಂತೆಯಿಂದ ಸಂತೆಗೆ ನಡೆದು ಮಾರುವವರು. ಬನವ್ವನ ತಂದೆ ರಾಚಪ್ಪ ತನ್ನ ಅಕ್ಕನನ್ನು ಇದೇ ಓಣಿಗೆ ಕೊಟ್ಟಿದ್ದ. ಹಾಗಾಗಿ ಓಣಿಗೆಲ್ಲ ಅವನು ಬೀಗ. ಅಕ್ಕ ಪ್ರತಿ ಮಳೆಗಾಲಕ್ಕೂ ಒದ್ದೆ ಸೀರೆಯಲ್ಲಿ ತವರಿಗೆ ಬಂದು ಕೂರುವುದನ್ನು ಕಂಡು ಅವನ ಮನಸ್ಸು ಮುರಿದಿತ್ತು.

“ನಿಮ್ಮ ಹುಡುಗ ಬಂಗಾರದಂಥಾವ, ಇಲ್ಲನ್ನಂಗಿಲ್ಲ,” ಎಂದ ರಾಚಪ್ಪ, ಹೆಣ್ಣು ಕೇಳಲು ಬಂದ ಚೌಡವ್ವನಿಗೆ. “ಆದ್ರ ಕುಣಿಗೆ ನೀರು ಬರೋ ಮನಿಗೆ ಇನ್ನೊಬ್ಬಾಕಿನ್ನ ಕೊಡೂದಿಲ್ರಿ ಬೀಗತಿ. ಹಳ್ಳಕ್ಕ ಒಡ್ಡು ಹಾಕ್ರಿ. ಅದು ಒಂದು ಹೊಡತ ತಡೀಲಿ. ಆವತ್ತ ನಾ ಅಕ್ಷತಾ ಕಲಸ್ತೀನಿ.”

ಓಣಿಯವರು ಒಡ್ಡು ಹಾಕಿದರು. ಬುಟ್ಟಿಬುಟ್ಟಿ ಮಣ್ಣು ಹೊತ್ತರು, ನೀರು ಚಿಮುಕಿಸಿದರು, ಎಲ್ಲರೂ ಮೇಲೆ ನಿಂತು ತುಳಿದರು. ಆದರೆ ಅವು ಮಗ್ಗದ ಕಾಲುಗಳು. ಎಳೆ ಹರಿದೀತೆಂಬ ಭಯಕ್ಕೆ ಹುಟ್ಟಿದಾಗಿನಿಂದ ಮೆತ್ತಗೆ ಮೆಟ್ಟಿ ರೂಢಿಯಾದ ಕಾಲುಗಳು. ಒಬ್ಬೊಬ್ಬನೂ ನಿಂತಲ್ಲೇ ನಿಂತು ಎಡ, ಬಲ, ಎಡ, ಬಲ ಎಂದು ನಾಜೂಕಾಗಿ ಒತ್ತಿದನೇ ಹೊರತು ಹಿಮ್ಮಡಿ ಊರಿ ಗುದ್ದಲಿಲ್ಲ. ನೋಡಲು ಒಡ್ಡು ಮದುವಣಗಿತ್ತಿಯ ಹಾಗೆ ಚೆಂದವಿತ್ತು. ಮೊದಲ ಮಳೆಗೇ ಹಳ್ಳ ಅದನ್ನು ಬೆಲ್ಲದಂತೆ ಕರಗಿಸಿ, ಆ ಮಣ್ಣನ್ನೂ ಸೇರಿಸಿ ಕುಣಿಗಳಿಗೆ ತುಂಬಿತು. ಚೌಡವ್ವ ಕೆಸರಿನಲ್ಲಿ ನಿಂತು, ಅಳುವ ಬದಲು ನಕ್ಕುಬಿಟ್ಟಳಂತೆ. “ಮಣ್ಣಿನ್ಯಾಗ ಏನು ಎಳಿ ಇತ್ತಂತ ಹಿಂಗ ಮೆಟ್ಟಿದ್ರೋ?” ಎಂದಳು.

ಮಣ್ಣು ಗಟ್ಟಿಯಾಗಲೆಂದು ಅದರ ಮೇಲೆ ದನಗಳನ್ನು ಓಡಾಡಿಸೋಣವೆಂದರೆ ನೇಕಾರರ ಬಳಿ ದನಗಳಿಲ್ಲ. ರೈತರ ಎತ್ತುಗಳಿಗೆ ಹೊಲದಲ್ಲೇ ಪುರುಸೊತ್ತಿಲ್ಲ. ಆಗ ಮುದುಕಿಗೆ ನೆನಪಾದದ್ದು ಎರೆಹೊಸೂರಿನವರ ಹಿಮ್ಮಡಿ. ಗಂಟು ಹೊತ್ತು ನಡೆದು ನಡೆದು ಅವು ಗೊರಸಿನಂತಾಗಿದ್ದವು. ಅವರ ಇನ್ನೊಂದು ಗುಣವೂ ಅವಳಿಗೆ ಗೊತ್ತಿತ್ತು. ಬೀಗರ ಮನೆಗೆ ಹೋದಾಗ ಹಲಗೆ ವಾದ್ಯದ ಪೆಟ್ಟು ಕಿವಿಗೆ ಬಿದ್ದರೆ ಕುಣಿಯಲೇಬೇಕು, ಕುಣಿಯದಿದ್ದರೆ ಕರೆದವರಿಗೆ ಅವಮಾನ ಎಂಬುದು ಆ ಊರಿನವರ ಕಟ್ಟಳೆ. ಮರುವರ್ಷ ಬೇಸಿಗೆಯಲ್ಲಿ ಓಣಿಯವರು ಮತ್ತೆ ಒಂದು ಪದರ ಮಣ್ಣು ಹಾಸಿದರು. ಚೌಡವ್ವ ಎರೆಹೊಸೂರಿಗೆ ಹೇಳಿಕಳಿಸಿದಳು: ಒಡ್ಡಿನ ಕೆಲಸ ಸುರುವಾಗಿದೆ, ಬೀಗರೆಲ್ಲ ಬಂದು ನೋಡಿ, ಹೋಳಿಗೆ ಉಂಡು ಹೋಗಬೇಕು. ಬೀಗರು ಗಾಡಿ ಕಟ್ಟಿಕೊಂಡು ಬಂದರು. ಹಲಗೆಯವರು ಒಡ್ಡಿನ ನಡುಮಧ್ಯೆ ನಿಂತಿದ್ದರು. ಪೆಟ್ಟು ಬಿದ್ದದ್ದೇ ತಡ, ರಾಚಪ್ಪನೂ ಅವನ ಅಣ್ಣತಮ್ಮಂದಿರೂ ಧೋತರ ಎತ್ತಿಕಟ್ಟಿ ನೆಲ ನಡುಗುವಂತೆ ಕುಣಿದರು. ಅವರು ಉಂಡು ಹೋದ ಮೇಲೆ ಓಣಿಯವರು ಇನ್ನೊಂದು ಪದರ ಹಾಸಿದರು. ಆಮೇಲೆ ಮನೆ ನೋಡಲು ಕರೆ ಹೋಯಿತು, ಮಗ್ಗ ನೋಡಲು ಹೋಯಿತು, ದಾನಪ್ಪನ ಜಾತಕ ನೋಡಲು ಹೋಯಿತು, ಕಡೆಗೆ ಚೌಡವ್ವನ ಹಲ್ಲು ಬಿದ್ದದ್ದಕ್ಕೂ ಒಂದು ಊಟದ ಕರೆ ಹೋಯಿತು. ಕರೆದಾಗಲೆಲ್ಲ ಒಡ್ಡಿನ ಮೇಲೆ ಹೊಸ ಮಣ್ಣು, ಹೊಸ ನೀರು, ಅದೇ ಹಲಗೆ.

ಕೊನೆಯ ಪದರದ ದಿನ ರಾಚಪ್ಪ ಕುಣಿಯುತ್ತ ಕುಣಿಯುತ್ತ ಸುತ್ತಲೂ ನೋಡಿದ. ಮೊದಲ ಸಲ ಬಂದಾಗ, ಇಂದು ಶಾಲೆಯಿರುವ ಜಾಗದಲ್ಲಿ ಆಗ ಇದ್ದ ಬೇವಿನಮರದ ಬುಡ ಕಾಣುತ್ತಿತ್ತು, ಈಗ ಅದರ ನೆತ್ತಿ ಕಾಣುತ್ತಿದೆ! ಕೆಳಗೆ ಓಣಿಯವರು ಬುಟ್ಟಿ ಹಿಡಿದು ಕಾಯುತ್ತ ನಿಂತಿದ್ದಾರೆ. ಅವನು ನಿಂತುಬಿಟ್ಟ. ಹಲಗೆಯೂ ನಿಂತಿತು.

“ಏನ್ರಿ ಬೀಗತಿ, ನಮ್ಮನ್ನೇನು ಎತ್ತು ಮಾಡ್ಕೊಂಡೀರೇನು?” ಎಂದು ಗುಡುಗಿದ. “ನಡೀರೋ, ಗಾಡಿ ಹೂಡ್ರಿ!”

ಕರಿಗುಡ್ಡದ ಮೇಲೆ ಮೋಡ ಕಟ್ಟಿತ್ತು. ಮೇಲಿನ ಪದರ ಇನ್ನೂ ಸಡಿಲವಾಗಿತ್ತು. ಬೀಗರು ಹೊರಟರೆ ಒಡ್ಡೂ ಹೋಯಿತು, ಹೆಣ್ಣೂ ಹೋಯಿತು. ಆದರೂ ಚೌಡವ್ವ ಸುಳ್ಳು ಹೇಳಲಿಲ್ಲ.

“ಹೌದ್ರಿ, ಮಾಡ್ಕೊಂಡೀವಿ. ಎತ್ತಿಗಾದ್ರ ಹುಲ್ಲು ಹಾಕ್ತಿದ್ವಿ, ನಿಮಗ ಹೋಳಿಗಿ ಹಾಕೀವಿ,” ಎಂದಳು. ಆಮೇಲೆ ಅವಳ ದನಿ ಮೆತ್ತಗಾಯಿತು. “ನಮ್ಮ ಕಾಲಾಗ ಆ ಕಸುವು ಇಲ್ರಿ. ನಿಮ್ಮ ಮಗಳು ಒಣಾ ನೆಲದಾಗ ಬಾಳೇ ಮಾಡಬೇಕಂದ್ರ ಆಕಿ ಅಪ್ಪನ ಹಿಮ್ಮಡನ ಬೇಕು. ಕುಣಿ ಉಳೀಬೇಕಂದ್ರ ಕುಣೀಬೇಕ್ರಿ ಬೀಗರ.”

ಬೀಗರ ಹೆಂಗಸರ ಗುಂಪಿನಲ್ಲಿದ್ದ ಬನವ್ವ ಮುಂದೆ ಬಂದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಡ್ಡಿನ ಮೇಲೆ ಧಡ್ ಎಂದು ಒಂದು ಹೆಜ್ಜೆ ಹಾಕಿದಳು. ಆಮೇಲೆ ಇನ್ನೊಂದು. ಹಲಗೆಯಿಲ್ಲ, ತಾಳವಿಲ್ಲ. ಮದುವೆ ಇನ್ನೂ ಗಟ್ಟಿಯಾಗದ ಹೆಣ್ಣು ಗಂಡಿನ ಓಣಿಯವರೆದುರು ಕುಣಿಯುವುದೆಂದರೇನು! ಮುದುಕಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಬನವ್ವ ತಂದೆಯ ಕಡೆ ತಿರುಗಿ, “ಅಪ್ಪಾ, ಮಳಿ ಬರಾಕತ್ತೈತಿ,” ಎಂದಳು, ಅಷ್ಟೆ.

ರಾಚಪ್ಪ ಮಗಳ ಕೆಸರುಗಾಲನ್ನು ನೋಡಿದ. ಅಕ್ಕನ ಒದ್ದೆ ಸೀರೆ ಅವನಿಗೆ ನೆನಪಾಗಿರಬೇಕು. ಹಲಗೆಯವರ ಕಡೆ ತಿರುಗಿ, “ಏನ್ ನೋಡ್ತೀರೋ? ಬಾರಿಸ್ರೋ!” ಎಂದು ಕೂಗಿದ. ಆಮೇಲೆ ನಡೆದದ್ದು ಕುಣಿತವೆನ್ನಲೂ ಬಾರದು, ಜಗಳವೆನ್ನಲೂ ಬಾರದು. ಬೀಗರನ್ನು ನೋಡಿ ನೇಕಾರರೂ ಹಿಮ್ಮಡಿ ಊರಲು ಕಲಿತರು. ಮಳೆಹನಿ ದಪ್ಪಗಾಗಿ ಹಲಗೆಯ ಚರ್ಮ ತೊಯ್ದು ದನಿ ಅಡಗುವವರೆಗೂ ತುಳಿದರು.

ಸೊಕ್ಕಿನಹಳ್ಳ ಬಂತು. ಒಡ್ಡಿನ ಎದೆಯವರೆಗೂ ಏರಿತು, ಕೆಂಪಗೆ ಕುದಿಯಿತು, ಹಾದಿ ಹುಡುಕಿತು. ಒಡ್ಡು ಜಗ್ಗಲಿಲ್ಲ. ಬೇರೆ ದಾರಿಯಿಲ್ಲದೆ ಹಳ್ಳ ತೂಬಿನೊಳಗೆ ತೂರಿ, ಓಣಿಯ ಪಕ್ಕದಲ್ಲಿ ಸದ್ದಿಲ್ಲದೆ ಹರಿದುಹೋಯಿತು. ರಾಚಪ್ಪ ಯಾರ ಮಾತನ್ನೂ ನಂಬದೆ ತಾನೇ ದಾನಪ್ಪನ ಮನೆಗೆ ಹೋಗಿ, ಮಗ್ಗದ ಕುಣಿಗೆ ಇಳಿದು, ಬಗ್ಗಿ ತಳವನ್ನು ಅಂಗೈಯಿಂದ ಸವರಿದ. ಕೈ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅಂಗೈಗೆ ಹತ್ತಿದ್ದು ಧೂಳು. ಮೇಲಿಂದ ಚೌಡವ್ವ, “ಏನಂತೈತ್ರಿ ಕುಣಿ?” ಎಂದಳು. ರಾಚಪ್ಪ ಕಣ್ಣು ಒರೆಸಿಕೊಂಡು, “ಅಕ್ಕಿ ತರ್ರಿ, ಅಕ್ಷತಾ ಕಲಸೂಣು,” ಎಂದ. ಆ ವರ್ಷ ಕಟ್ಟೆಯ ಮೇಲಿನ ಸಾಲು ಪೂರಾ ಖಾಲಿಯಾಯಿತು ಎನ್ನುತ್ತಾರೆ.

ಈಗ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು. ಆದರೂ ನೇಕಾರ ಓಣಿಗೆ ಹೆಣ್ಣು ಕೊಡಲು ಯಾವ ಊರಿನ ಬೀಗರು ಬರಲಿ, ಅವರ ಬಸ್ಸು ಮೊದಲು ನಿಲ್ಲುವುದು ಒಡ್ಡಿನ ಬಳಿ. ಬೀಗರು ಚಪ್ಪಲಿ ಬಿಟ್ಟು, ಹಲಗೆಗೆ ನಾಲ್ಕು ಹೆಜ್ಜೆ ಕುಣಿಯದೆ ಅವರಿಗೆ ಎಲೆ ಹಾಕುವುದಿಲ್ಲ. ‘ಒಡ್ಡಿನ ಮೇಲೆ ಗುಂಪುಗೂಡಿ ಕುಣಿಯಬಾರದು’ ಎಂದು ಪುರಸಭೆಯವರು ಫಲಕದಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ. ಅದನ್ನು ಬರೆಸಿದ ಅಧಿಕಾರಿ ಮರುವರ್ಷ ತಮ್ಮ ಮಗಳನ್ನು ಇದೇ ಓಣಿಗೆ ಕೊಟ್ಟು, ಆ ಸಾಲಿನ ಕೆಳಗೇ ಬೂಟು ಬಿಚ್ಚಿಟ್ಟು ಕುಣಿದರು. ಚೌಡವ್ವನ ವಂಶದವರ ಮನೆಯಲ್ಲಿ ಒಂದು ಕುಣಿಯನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ನೋಡಲು ಹೋದವರಿಗೆ ಮನೆಯವರು, “ಇಳಿದು ಕೈಯಾಡಸ್ರಿ,” ಎನ್ನುತ್ತಾರೆ. ಹೊರಗೆ ಎಂಥ ಮಳೆ ಸುರಿಯುತ್ತಿದ್ದರೂ ಬೆರಳಿಗೆ ಇಂದಿಗೂ ಹತ್ತುವುದು ಒಣ ಧೂಳು.