ಬಾನಿಗೆ ಹೇಳಿದ ಸುಳ್ಳು

ಒಂದೂರಿತ್ತಂತೆ. ಯಾವ ದಿಕ್ಕಿಗಿತ್ತು ಅಂತ ಕೇಳಬೇಡಿ, ನನಗೆ ಹೇಳಿದ ನಮ್ಮಜ್ಜಿಗೇ ಗೊತ್ತಿರಲಿಲ್ಲ. ನೀವು ಹೂಂ ಅನ್ನುತ್ತಿರಿ, ಸಾಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತೆ.

ಆ ಊರ ಪಕ್ಕದಲ್ಲಿ ಗುಡ್ಡದಿಂದ ಒಂದು ಹಳ್ಳ ಇಳಿದು ಬರುತ್ತಿತ್ತಂತೆ. ಹಳ್ಳದ ಮೇಲ್ಗಡೆ ಬಣ್ಣಗಾರ ಹಾಲಪ್ಪನ ಮನೆ. ಕೆಳಗಡೆ ಮೂವತ್ತು ಮನೆಯ ಒಂದು ಹಟ್ಟಿ, ಅದಕ್ಕೆ ಕೆಳಹಟ್ಟಿ ಅಂತಲೇ ಹೆಸರು. ಊರಿನವರು ಬಾವಿ ನೀರು ಕುಡಿಯುತ್ತಿದ್ದರು. ಕೆಳಹಟ್ಟಿಯವರಿಗೆ ಮಾತ್ರ ಹಳ್ಳವೇ ಗತಿ.

ಹಾಲಪ್ಪ ಸೀರೆಗೆ ನೀಲಿ ಹಾಕುವವನು. ಆ ಸೀಮೆಯಲ್ಲಿ ನೀಲಿ ಸೀರೆ ಉಡದೆ ಹೆಣ್ಣು ಹಸೆಮಣೆಗೆ ಕೂರುವ ಹಾಗಿಲ್ಲ. ಹಾಗಾಗಿ ಅವನ ಕೈಗೆ ಬಿಡುವಿರಲಿಲ್ಲ. ಆದರೆ ನೀಲಿ ಹಾಕುವುದು ಹುಡುಗಾಟವಲ್ಲ ಕಣ್ರಪ್ಪ. ನೆಲದಲ್ಲಿ ಹೂತ ಆಳೆತ್ತರದ ಮಣ್ಣಿನ ಬಾನಿಯಲ್ಲಿ ನೀಲಿ ಸೊಪ್ಪು ಕೊಳೆಯಬೇಕು, ಹುಳಿ ಬರಬೇಕು, ನೊರೆ ಏಳಬೇಕು. ಬಾನಿಗೆ ಮುನಿಸು ಬಂದರೆ ಮುಗಿಯಿತು, ಸೀರೆ ಅದ್ದಿದರೆ ಬೆಳ್ಳಗೇ ಮೇಲೆ ಬರುತ್ತೆ. ಆ ಮುನಿಸಿಗೆ ಬಣ್ಣಗಾರರ ಮನೆತನದಲ್ಲಿ ಒಂದೇ ಮದ್ದು. ಬಾನಿಯ ಮೇಲೆ ಬಾಗಿ ಒಂದು ಸುಳ್ಳು ಹೇಳಬೇಕು. ಅಂತಿಂಥ ಸುಳ್ಳಲ್ಲ, ಬಾನಿ ಬೆರಗಾಗಿ ನಂಬುವಂಥ ಸುಳ್ಳು.

ಒಂದು ದಿನ ಹಾಲಪ್ಪ, "ಮೋಡದ ಮೇಲೆ ಎಮ್ಮೆ ಮೇಯ್ತಾವೆ" ಅಂದನಂತೆ. ಬಾನಿ ನಂಬಿತು, ನೊರೆ ಎದ್ದಿತು, ಸೀರೆ ನೀಲಿಯಾಯಿತು. ಉಳಿದ ನೀರು ಹಳ್ಳಕ್ಕೆ ಹೋಯಿತು. ಇನ್ನೊಂದು ದಿನ, "ಆಕಾಶಾನ ನಾನೇ ಅದ್ದಿ ಒಣಗಾಕಿದೀನಿ" ಅಂದ. ಬಾನಿ ನಂಬಿತು, ನೊರೆ ಎದ್ದಿತು, ಸೀರೆ ನೀಲಿಯಾಯಿತು. ಉಳಿದ ನೀರು ಹಳ್ಳಕ್ಕೆ ಹೋಯಿತು.

ನೀರು ಹೋಯಿತು ಅಂದರೆ ಸುಳ್ಳೂ ಹೋಯಿತು. ಕೆಳಹಟ್ಟಿಯವರು ಅದನ್ನೇ ಕುಡಿದರು. ಹಾಡುಹಗಲಲ್ಲಿ, ಕಣ್ಣು ಬಿಟ್ಟುಕೊಂಡೇ, ಅವರಿಗೆ ಕನಸು ಬೀಳತೊಡಗಿತಂತೆ. ದನ ಕಾಯುವವರು ಕೋಲು ಹಿಡಿದು ಮೋಡದ ಹಿಂದೆ ಹೋದರು. ಒಲೆಯಲ್ಲಿ ಬೆಂಕಿ ಇಲ್ಲದಿದ್ದರೂ ಅನ್ನ ಕುದಿಯುವ ಸದ್ದು ಕೇಳಿಸುತ್ತಿತ್ತು. ಇಡೀ ಹಟ್ಟಿ ನೀಲಿ ಮಂಜಿನೊಳಗೆ ತೇಲಿದ ಹಾಗೆ ಮೆಲ್ಲಗೆ ನಗುತ್ತಾ ಓಡಾಡುತ್ತಿತ್ತು. ಯಾರಿಗೂ ಏನೂ ಕೊರತೆ ಕಾಣಲಿಲ್ಲ, ನೋಡಿ. ಅದೇ ಕೊರತೆ.

ಆ ಹಟ್ಟಿಯಲ್ಲಿ ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಹೋಗಿದ್ದಳು. ಮಗಳು ಬಿಟ್ಟುಹೋದ ಹೆಣ್ಣುಕೂಸಿಗೆ ನಿಂಗಾಜಮ್ಮ ಎಮ್ಮೆ ಹಾಲು ಕರೆದು, ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿ ಸಾಕುತ್ತಿದ್ದಳು. ಒಂದು ದಿನ ಹಳ್ಳದ ನೀರು ಕುಡಿದು ತಿರುಗುತ್ತಾಳೆ, ಮಗಳು ಬಾಗಿಲಲ್ಲಿ ನಿಂತಿದ್ದಾಳೆ! ಒದ್ದೆ ಕೂದಲು, ನೀಲಿ ಸೀರೆ. ಒಳಗೆ ಬಂದು ಕೂಸನ್ನು ಮಡಿಲಿಗೆ ಹಾಕಿಕೊಂಡು ಹಾಲು ಕೊಟ್ಟಳಂತೆ. ಮಾರನೆ ದಿನವೂ ಬಂದಳು. ಅದರ ಮಾರನೆ ದಿನವೂ ಬಂದಳು. ತಾಯೇ ಬಂದು ಹಾಲು ಕೊಡುತ್ತಿರುವಾಗ ಒಳಲೆ ಯಾಕೆ? ನಿಂಗಾಜಮ್ಮ ಅದನ್ನು ಗೂಡಿಗೆ ಎತ್ತಿಟ್ಟಳು. ಕೂಸು ಅತ್ತರೆ ಅವಳಿಗೆ ನಕ್ಕ ಹಾಗೆ ಕೇಳುತ್ತಿತ್ತು.

ಹೀಗಿರುವಾಗ ಅವಳ ಎಮ್ಮೆ ಹಗ್ಗ ಕಿತ್ತುಕೊಂಡು ಗುಡ್ಡದ ಕಡೆ ಹೋಯಿತು. ಕೂಸನ್ನು ಸೊಂಟಕ್ಕೇರಿಸಿ ಹುಡುಕುತ್ತಾ ಹೋದ ನಿಂಗಾಜಮ್ಮ ಬಣ್ಣಗಾರನ ಮನೆ ದಾಟಿ ಮೇಲಕ್ಕೆ ಹತ್ತಿದಳು. ಅಲ್ಲಿ ಹಳ್ಳ ಕನ್ನಡಿಯಂತಿತ್ತು. ಬಾಯಾರಿತ್ತು, ಬೊಗಸೆ ನೀರು ಕುಡಿದಳು. ಕುಡಿದವಳೇ ಸೊಂಟದ ಕಡೆ ನೋಡಿದಳು. ಅಯ್ಯೋ, ಕೂಸಿನ ಎದೆಯ ಎಲುಬು ಎಣಿಸುವ ಹಾಗಿತ್ತು! ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಅಲ್ಲೇ ಎಮ್ಮೆ ಸಿಕ್ಕಿತು, ಅಲ್ಲೇ ಹಾಲು ಕರೆದಳು, ಸೆರಗಿನ ತುದಿ ಅದ್ದಿ ಅದ್ದಿ ಕೂಸಿನ ಬಾಯಿಗೆ ಹಿಂಡಿದಳು. ಎದೆ ಬಡಿದುಕೊಂಡು ಅತ್ತಳು. ಅತ್ತು, ಕೆಳಗೆ ನೋಡಿದಳು. ಬಣ್ಣಗಾರನ ಮನೆಯ ತನಕ ತಿಳಿನೀರು, ಅಲ್ಲಿಂದಾಚೆ ನೀಲಿ ನೀರು.

ಅವತ್ತಿನಿಂದ ಮೇಲಿನ ನೀರು ಹೊತ್ತು ತಂದಳು. ಆದರೆ ಮೂವತ್ತು ಮನೆಗೆ ಒಬ್ಬಳೇ ಎಷ್ಟು ಕೊಡ ಹೊರುತ್ತಾಳೆ? ಇನ್ನೊಂದು ಮಾತೂ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಮಗಳನ್ನು ನೋಡಬೇಕು ಅನ್ನಿಸಿದ ದಿನ ಕೆಳಗಿನ ನೀರಿಗೇ ಬೊಗಸೆ ಒಡ್ಡುತ್ತಿದ್ದಳು. ಆ ದಿನ ಕೂಸಿಗೆ ಉಪವಾಸ. ತನ್ನನ್ನು ತಾನೇ ನಂಬುವ ಹಾಗಿಲ್ಲ ಅಂತ ಗೊತ್ತಾದಾಗ ರಾಜನ ಹತ್ತಿರ ಹೋದಳು.

ರಾಜ ಒಳ್ಳೆಯವನು. ಸ್ವಲ್ಪ ನಿಧಾನಿ, ಅಷ್ಟೆ. ಕಥೆ ಕೇಳಿ ಕಣ್ಣೀರು ಹಾಕಿ, "ಇವತ್ತಿನಿಂದ ನನ್ನ ನಾಡಲ್ಲಿ ಯಾರೂ ನೀಲಿ ಹಾಕಕೂಡದು" ಅಂತ ಡಂಗುರ ಹೊಡೆಸಿದ.

ಹಳ್ಳ ತಿಳಿಯಾಯಿತು. ಆದರೆ ಸೀರೆ ಇಲ್ಲದೆ ಮದುವೆ ನಿಂತವು. ನೇಯುವವರ ಮಗ್ಗ ನಿಂತವು. ಸಂತೆಯಲ್ಲಿ ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಏಳನೇ ದಿನಕ್ಕೆ ಅರ್ಧ ಊರು ಅರಮನೆ ಬಾಗಿಲಲ್ಲಿ ಕೂತು ಅತ್ತಿತು. ರಾಜ ಅವರ ಜೊತೆಗೂ ಅತ್ತು, ಅಪ್ಪಣೆ ಹಿಂದಕ್ಕೆ ತೆಗೆದುಕೊಂಡ. ಬದಲಿಗೆ, "ಹತ್ತು ಸೀರೆ ಅದ್ದಿದರೆ ಒಂದು ಸೀರೆ ಅರಮನೆಗೆ ದಂಡ" ಅಂದ.

ಹಾಲಪ್ಪ ಏನು ಮಾಡಿದ? ದಂಡಕ್ಕೆ ಹೋದದ್ದನ್ನು ತುಂಬಿಕೊಳ್ಳಲು ಇನ್ನೊಂದು ಬಾನಿ ಹೂಳಿದ, ಇನ್ನೊಂದು ಸುಳ್ಳು ಹೇಳಿದ. ಅರಮನೆಯ ಕಿಟಕಿಗೆಲ್ಲ ನೀಲಿ ಪರದೆ ಬಂತು. ಹಳ್ಳ ಮೊದಲಿಗಿಂತ ಕಡುನೀಲಿಯಾಯಿತು.

ನಿಂಗಾಜಮ್ಮ ಮತ್ತೆ ಹೋದಳು. ಪರದೆ ನೋಡಿದಳು, ಸಿಟ್ಟು ನೆತ್ತಿಗೇರಿತು.

"ಬುದ್ದೀ, ಹತ್ತಕ್ಕೊಂದು ಸೀರೆ ನಿಮ್ಮನೆಗೆ ಬಂತು. ಹತ್ತರ ನೀರೂ ನಮ್ಮನೆಗೇ ಬಂತಲ್ಲ!"

ರಾಜನಿಗೆ ನಾಚಿಕೆಯಾಯಿತು. "ಬೇಡ ಅಂದ್ರೆ ಅವರು ಅಳ್ತಾರೆ, ಆಗಲಿ ಅಂದ್ರೆ ನೀನು ಅಳ್ತೀಯ. ನಾನೇನ್ ಮಾಡ್ಲವ್ವ?"

"ಅವನ ಕೆಲಸ ನಿಲ್ಲಿಸ್ಬೇಡಿ. ಅವನ ಸೀರೇನೂ ಇಸ್ಕೋಬೇಡಿ. ಅವನ ಮನೆಯೋರು ಕುಡಿಯೋ ನೀರ್ನ ಬಾನಿ ನೀರು ಹೋಗೋ ಬಚ್ಚಲಿಂದ ಕೆಳಕ್ಕೆ ಇಳ್ದು ತುಂಬ್ಕೊಳ್ಳಲಿ. ಬೇರೆ ಕಡೆ ತುಂಬ್ಕೊಳ್ಳದ ಹಾಗೆ ಮೇಲುಗಡೆಗೂ ಬಾವಿಗೂ ಒಬ್ಬೊಬ್ಬ ಕಾವಲಿರಲಿ."

"ಅಷ್ಟೇನಾ?"

"ಅಷ್ಟೇ ಬುದ್ದೀ."

ರಾಜನ ಅಪ್ಪಣೆ ಕೇಳಿ ಹಾಲಪ್ಪ ನಕ್ಕುಬಿಟ್ಟನಂತೆ. ನೀರು ತಾನೇ, ಎಲ್ಲಿಂದ ತಂದರೇನು! ಕೆಳಗಿಳಿದು ತುಂಬಿಕೊಂಡ, ಕುಡಿದ. ಕುಡಿದವನು ಅಂಗಳಕ್ಕೆ ಬಂದು ಕತ್ತೆತ್ತಿದ. ಆಹಾ, ಎಷ್ಟು ದೊಡ್ಡ ಸೀರೆ ಒಣಗಾಕಿದೀನಿ! ಸಂಜೆಗೆ ಮಡಿಸಬೇಕಲ್ಲ ಅಂತ ಆಕಾಶ ನೋಡುತ್ತಾ ಕೂತ. ಒಂದು ದಿನ ಕೂತ, ಎರಡು ದಿನ ಕೂತ. ಮೂರನೇ ದಿನ ಬೀಗರೊಬ್ಬರು ಮದುವೆ ಸೀರೆಗೆ ಬಂದರು. ಹಾಲಪ್ಪ ಮುನಿದ ಬಾನಿಯಲ್ಲಿ ಸೀರೆ ಅದ್ದಿ, ಬೆಳ್ಳಗಿದ್ದದ್ದನ್ನೇ ಹೆಮ್ಮೆಯಿಂದ ಕೈಗಿಟ್ಟ. "ಎಂಥಾ ನೀಲಿ ನೋಡ್ರಪ್ಪ!" ಬೀಗರು ಅದನ್ನು ಅವನ ಮುಖಕ್ಕೇ ಎಸೆದು ಹೋದರು. ಒಳಗೆ ಹೆಂಡತಿ ಬರಿ ಮಡಕೆಯಲ್ಲಿ ಸೌಟಾಡಿಸುತ್ತಾ, "ಊಟ ಆಯ್ತು ಬನ್ನಿ" ಅನ್ನುತ್ತಿದ್ದಳು. ಮಕ್ಕಳು ಬರಿ ತಟ್ಟೆ ನೆಕ್ಕುತ್ತಿದ್ದವು.

ಅವತ್ತು ಮಳೆ ಬಂತಂತೆ. ಸೂರಿನ ನೀರು ಕುಡಿದ ಹಾಲಪ್ಪನಿಗೆ ಕಣ್ಣು ತೆರೆಯಿತು. ಮಕ್ಕಳ ತಟ್ಟೆ ನೋಡಿದ. ಗುದ್ದಲಿ ಎತ್ತಿಕೊಂಡ.

ಬಚ್ಚಲ ಕೆಳಗೆ ಒಂದರ ಕೆಳಗೊಂದು ಏಳು ಗುಂಡಿ ತೋಡಿದ. ಮರಳು ಹಾಕಿದ, ಜೊಂಡು ನೆಟ್ಟ. ಮೊದಲ ಗುಂಡಿಗೆ ಕಡುನೀಲಿ ಬಿದ್ದ ನೀರು ಏಳನೆಯದಕ್ಕೆ ತಿಳಿಯಾಗಿ ಇಳಿಯಿತು. ಸುಳ್ಳೆಲ್ಲ ಕೆಸರಾಗಿ ತಳದಲ್ಲಿ ಕೂತಿತು, ಅದನ್ನು ತೋಡಿ ಸೊಪ್ಪಿನ ಹೊಲಕ್ಕೆ ಗೊಬ್ಬರ ಮಾಡಿದ. ಬೇರೆಯವರಿಗೆ ತಾಗದ ಹಾಗೆ ಪುಟ್ಟ ಪುಟ್ಟ ಸುಳ್ಳು ಹೇಳುವುದನ್ನೂ ಕಲಿತ.

ಇಷ್ಟೆಲ್ಲ ಕೆಲಸಕ್ಕೆ ಆಳು ಬೇಕಲ್ಲ? ಮೂರು ಕೊಳಗ ರಾಗಿಗೆ ಸಿಗುತ್ತಿದ್ದ ಸೀರೆ ನಾಲ್ಕು ಕೊಳಗವಾಯಿತು. ಜನ ಗೊಣಗಿದರು. ಕೆಲವರು ಅಂಚಿಗಷ್ಟೇ ನೀಲಿ ಸಾಕು ಅಂದರು. ಗೊಣಗಲಿ ಬಿಡಿ. ಆ ನಾಲ್ಕನೇ ಕೊಳಗ ಹೊಸದೇನಲ್ಲ. ಮೊದಲೂ ಅದನ್ನು ಯಾರೋ ಕೊಡುತ್ತಿದ್ದರು. ಕೆಳಹಟ್ಟಿಯ ಕೂಸಿನ ಹೊಟ್ಟೆಯಿಂದ ಹೋಗುತ್ತಿತ್ತು, ಊರಿಗೆ ಕಾಣುತ್ತಿರಲಿಲ್ಲ.

ಕೆಳಹಟ್ಟಿಯವರು ಒಬ್ಬೊಬ್ಬರಾಗಿ ಎಚ್ಚರಾದರು, ಒಲೆ ಹಚ್ಚಿದರು. ನಿಂಗಾಜಮ್ಮನ ಬಾಗಿಲಿಗೆ ಮಗಳು ಬರುವುದು ನಿಂತುಹೋಯಿತು.

ಒಂದು ದಿನ ಹಾಲಪ್ಪ ಒಂದು ಗಡಿಗೆ ಹೊತ್ತು ಅವಳ ಜಗಲಿಗೆ ಬಂದ.

"ಅವ್ವಾ, ನಮ್ಮವ್ವ ತೀರಿಕೊಂಡಾಗ ಬಾನಿಗೆ ಒಂದು ಸುಳ್ಳು ಹೇಳಿದ್ದೆ. ಸತ್ತ ತಾಯಿ ದಿನಾ ಬಂದು ಮಗೂಗೆ ಹಾಲು ಕೊಡ್ತಾಳೆ ಅಂತ. ಅದು ನಿಮ್ಮನೆಗೆ ಬರ್ತದೆ ಅಂತ ಗೊತ್ತಿರಲಿಲ್ಲ. ಆ ಬಾನಿ ನೀರು ಇದೊಂದೇ ಗಡಿಗೆ ಉಳ್ದದೆ. ಚೆಲ್ಲೋಕೆ ನನ್ನ ಕೈ ಬರ್ಲಿಲ್ಲ. ಬೇಕಾದ್ರೆ ಕುಡೀರಿ, ಬ್ಯಾಡ ಅಂದ್ರೆ ಗುಂಡಿಗೆ ಹುಯ್ತೀನಿ."

ನಿಂಗಾಜಮ್ಮ ಗಡಿಗೆಯೊಳಗೆ ನೋಡಿದಳು. ನೀರು ಅಲುಗಲಿಲ್ಲ. ಒದ್ದೆ ಕೂದಲಿನ ನೆರಳೊಂದು ಅಲ್ಲಿ ಕಂಡ ಹಾಗಾಯಿತು. ಅವಳ ಕೈ ಬೊಗಸೆಯಾಯಿತು. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು, ಗಟ್ಟಿಯಾಗಿ, ಹಸಿದು. ಅದು ಅಳುವಾಗಿಯೇ ಕೇಳಿಸಿತು.

ನಿಂಗಾಜಮ್ಮ ಎದ್ದು ಹೋಗಿ ಒಳಲೆಯಲ್ಲಿ ಹಾಲು ಕುಡಿಸಿದಳು. ಕೂಸು ತೇಗಿದ ಮೇಲೆ ಅದರ ಬಿಳಿ ಕುಲಾವಿ ತೆಗೆದು ಗಡಿಗೆಯಲ್ಲಿ ಅದ್ದಿದಳು, ಬಿಸಿಲಿಗೆ ಹಿಡಿದಳು. ಕುಲಾವಿ ನೀಲಿಯಾಯಿತು.

"ನಂಗೆ ನನ್ನ ಮಗಳು ಇಷ್ಟು ಸಾಕು ಕಣಪ್ಪ" ಅಂದಳು. "ಉಳ್ದಿದ್ದ ಗುಂಡಿಗೆ ಹುಯ್ಯಿ."

ಹಾಗಂದು ಅತ್ತಳು. ಅಳುತ್ತಲೇ ಕುಲಾವಿಯನ್ನು ಕೂಸಿನ ತಲೆಗೆ ಹಾಕಿ ದಾರ ಕಟ್ಟಿದಳು. ಆ ಕೂಸು ಗುಂಡುಗುಂಡಗೆ ಬೆಳೆಯಿತಂತೆ. ನೀಲಿ ಕುಲಾವಿ ಹಾಕಿಕೊಂಡು ಮಲಗಿದಾಗ ಮಾತ್ರ, ಯಾರೋ ಎತ್ತಿಕೊಂಡ ಹಾಗೆ ನಿದ್ದೆಯಲ್ಲೇ ನಗುತ್ತಿತ್ತಂತೆ.

ಅವರು ಅಲ್ಲಿ ತಿಳಿನೀರು ಕುಡಿದುಕೊಂಡು ಇದ್ದಾರೆ. ನಾವು ಇಲ್ಲಿ ಹೂಂ ಅಂದುಕೊಂಡು ಇದ್ದೇವೆ. ಏಳಿ, ನಿಮ್ಮ ನಿಮ್ಮ ಕೊಡ ತುಂಬಿಕೊಳ್ಳಿ.