ಎಷ್ಟು ಸೇರು ಸಿಟ್ಟು?

ಬಹಳ ಹಿಂದೆ, ಹೊಳೆಗೆ ಸೇತುವೆ ಕಟ್ಟಬಹುದೆಂದು ಯಾರಿಗೂ ತೋಚದಿದ್ದ ಕಾಲದಲ್ಲಿ, ಬಿಳಿಗುಂಡಿ ಎಂಬ ಒಂದು ಊರಿತ್ತಂತೆ. ಆ ಊರಲ್ಲಿ ಗಾಳೆಪ್ಪ ಎಂಬ ಅಂಬಿಗನಿದ್ದನಂತೆ. ಅವನದು ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು, ಬುಟ್ಟಿಯ ಹಾಗೆ ದುಂಡಗೆ. ಅದರಲ್ಲಿ ಒಮ್ಮೆಗೆ ಹನ್ನೆರಡು ಜನ ಕೂರುತ್ತಿದ್ದರು ಎನ್ನುತ್ತಾರೆ. ಇಪ್ಪತ್ತು ಎನ್ನುವವರೂ ಇದ್ದಾರೆ. ಜೊತೆಗೆ ಒಂದು ಎಮ್ಮೆಯನ್ನೂ ಸೇರಿಸುವವರಿದ್ದಾರೆ.

ದುಂಡನೆಯ ಹರಿಗೋಲಿಗೆ ಮುಂದು ಹಿಂದು ಇಲ್ಲ. ಭಾರ ಒಂದು ಕಡೆ ಹೆಚ್ಚಾದರೆ ಗಿರಗಿರ ತಿರುಗಲು ಹಿಡಿಯುತ್ತದೆ. ಅದಕ್ಕೇ ಗಾಳೆಪ್ಪ ಹತ್ತುವವರನ್ನೆಲ್ಲ ದಂಡೆಯ ಮೇಲೆ ನಿಲ್ಲಿಸಿ ಹೊರೆ ಕೇಳುತ್ತಿದ್ದನಂತೆ. ಜೋಳ ಎಷ್ಟು ಸೇರು, ಕಡಲೆ ಎಷ್ಟು ಸೇರು ಎಂದು ಕೇಳಿದ ಮೇಲೆ, ಅದೇ ದನಿಯಲ್ಲಿ, ಸಿಟ್ಟು ಎಷ್ಟು ಸೇರು ಎಂದೂ ಕೇಳುತ್ತಿದ್ದನಂತೆ.

ಮೊದಮೊದಲು ಜನ ಇವನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡರು. ಆಮೇಲೆ ಹೇಳತೊಡಗಿದರು. ಅತ್ತೆಯ ಮೇಲೆ ಎರಡು ಸೇರು. ದಾಯಾದಿಯ ಮೇಲೆ ಒಂದೂವರೆ. ಹೇಳುತ್ತ ಹೇಳುತ್ತ ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ನಕ್ಕಷ್ಟೂ ಹೊರೆ ಇಳಿಯುತ್ತಿತ್ತು ಎನ್ನುತ್ತಾರೆ.

ಒಮ್ಮೆ ಸಂತೆಯಿಂದ ಬಂದ ಗಂಡಹೆಂಡಿರ ಮುಖ ಎರಡು ದಿಕ್ಕಿಗಿದ್ದವಂತೆ. ಹೆಂಡತಿ ತನ್ನದು ಮೂರು ಸೇರು ಎಂದಳು. ಗಂಡ ಮೀಸೆ ತಿರುವಿ, ತನಗೇನೂ ಇಲ್ಲ ಎಂದ.

"ನಿಲ್ಲು ಗೌಡಾ," ಎಂದನಂತೆ ಗಾಳೆಪ್ಪ. "ಮೂರು ಸೇರು ನನ್ನ ಹರಿಗೋಲು ತಡೀತೈತಿ. ಏನೂ ಇಲ್ಲ ಅನ್ನೋರ ಭಾರ ತಡಿಯಂಗಿಲ್ಲ."

ಗೌಡ ಬಿಸಿಲಲ್ಲಿ ಒಂದು ಗಳಿಗೆ ಕೂತು, ಬೆವರೊರೆಸಿಕೊಂಡು, ಐದು ಎಂದು ಒಪ್ಪಿಕೊಂಡು ಹತ್ತಿದನಂತೆ.

ಹೀಗೆ ಎರಡೂ ದಂಡೆಯವರ ಸಿಟ್ಟು ತೂಗಿದವನಿಗೆ, ನಿನ್ನದೆಷ್ಟು ಎಂದು ಕೇಳುವವರೇ ಇರಲಿಲ್ಲ. ಆಚೆ ದಂಡೆಯಲ್ಲಿ, ಕಪ್ಪು ಬಂಡೆಯ ಮೇಲುಗಡೆ, ಅವನ ಅಕ್ಕ ಗದ್ದೆವ್ವನ ಮನೆಯಿತ್ತು. ಅವಳು ಹೆಸರಾದ ಸೂಲಗಿತ್ತಿ. ಒಮ್ಮೆ ಅವನು ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದ. ಪುಂಡಿಪಲ್ಯ ಬಾಯಿಗಿಟ್ಟು, ಅವಳ ಅತ್ತೆಮಾವನ ಎದುರು, ಅಕ್ಕ ಉಪ್ಪನ್ನು ತವರಲ್ಲೇ ಮರೆತು ಬಂದಿದ್ದಾಳೆ ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಉಪ್ಪು ಸರಿಯಾಗಿಯೇ ಇದೆ, ಕೆಟ್ಟಿರುವುದು ನಿನ್ನ ನಾಲಿಗೆ ಎಂದಳು. ಅವನು ಅರ್ಧ ಊಟಕ್ಕೇ ಎದ್ದು ಬಂದ. ಅಂದಿನಿಂದ ಇಬ್ಬರಲ್ಲಿ ಮಾತಿಲ್ಲ.

ಅದುವರೆಗೆ ಕಪ್ಪು ಬಂಡೆಯ ಬಳಿ ದಡ ಸೇರುತ್ತಿದ್ದ ಹರಿಗೋಲೂ ಆಮೇಲೆ ಅಲ್ಲಿಗೆ ಹತ್ತಲಿಲ್ಲವಂತೆ. ಒಂದು ಕೂಗಳತೆ ಕೆಳಗೆ, ಜಾಲಿ ಮುಳ್ಳಿನ ನಡುವೆ ಹೋಗಿ ನಿಲ್ಲುತ್ತಿತ್ತು. ಬಂಡೆಯ ಹತ್ತಿರ ಸೆಳವಿದೆ ಎನ್ನುತ್ತಿದ್ದ ಗಾಳೆಪ್ಪ. ಜನ ಪಾಪ, ಮುಳ್ಳು ತುಳಿದುಕೊಂಡು ಹೋಗುತ್ತಿದ್ದರು. ಹೇಳಿ ಹೇಳಿ ಅವನೂ ಅದನ್ನು ನಂಬಿದ್ದ. ಹರಿಗೋಲೇ ಹೊಳೆಯ ಕೆಳಕ್ಕೆ ವಾಲುತ್ತದೆಂದು ಮೂರು ಸಲ ಬಿಚ್ಚಿ ಹೆಣೆದಿದ್ದನಂತೆ.

ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ ಅವನ ಮಗಳು ರೇವವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೊಳೆ ಕೆಂಪಗೆ ತುಂಬಿ ಬಂದ ದಿನವೇ ನೋವು ಶುರುವಾಯಿತು. ಹೊತ್ತು ನೆತ್ತಿಗೆ ಬಂದರೂ ಹೆರಿಗೆಯಾಗಲಿಲ್ಲ. ಕೂಸು ಅಡ್ಡ ತಿರುಗಿದೆ ಎಂದರು ಹೆಂಗಸರು. ಅಂಥ ಕೂಸನ್ನು ತಿರುಗಿಸಬಲ್ಲ ಕೈ ಎರಡೂ ದಂಡೆಗೆ ಗದ್ದೆವ್ವನದೊಂದೇ.

ಗಾಳೆಪ್ಪ ಹರಿಗೋಲನ್ನು ನೀರಿಗಿಳಿಸಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನೇರ ಕಪ್ಪು ಬಂಡೆಗೆ ಹುಟ್ಟು ಹಾಕಿದ. ಹೊಳೆಯೆಲ್ಲ ಕುದಿಯುತ್ತಿದ್ದರೂ ಬಂಡೆಯ ಮರೆಯಲ್ಲಿ ನೀರು ಬಾವಿಯ ನೀರಿನಂತೆ ನಿಂತಿತ್ತಂತೆ.

ಗದ್ದೆವ್ವ ಅವನನ್ನು ದೂರದಿಂದಲೇ ಕಂಡು, ತನ್ನ ಸೂಲಗಿತ್ತಿಯ ಗಂಟು ಹಿಡಿದು ಇಳಿದು ಬಂದಿದ್ದಳು. ಆದರೆ ಹರಿಗೋಲಿಗೆ ಕಾಲಿಡಲಿಲ್ಲ.

"ಅಂಬಿಗಾ, ನಿನ್ನ ಸಿಟ್ಟು ಎಷ್ಟು ಸೇರು?"

"ಅಕ್ಕಾ, ಅಲ್ಲಿ ಕೂಸು..."

"ಕೂಸಿನ ಸಲುವಾಗೇ ಕೇಳಾಕತ್ತೀನಿ. ಇಂಥ ಹೊಳಿಯಾಗ ಇಬ್ಬರೂ ಹುಟ್ಟು ಹಾಕಬೇಕು. ನೀ ಒಂದ್ ಕಡಿ, ನಾ ಒಂದ್ ಕಡಿ ಎಳದ್ರ ಮುಳುಗತೀವಿ. ಹೇಳು."

ನನಗೇನೂ ಇಲ್ಲ ಎಂಬ ಮಾತು ಗಾಳೆಪ್ಪನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆಗ ಮೀಸೆ ತಿರುವಿದ ಗೌಡ ನೆನಪಾದ. ಮುಳ್ಳು ತುಳಿದ ಜನರ ಕಾಲು ನೆನಪಾದವು.

"ಹನ್ನೆರಡು ಸೇರು, ಅಕ್ಕಾ. ವರ್ಷಕ್ಕೊಂದು. ಇಲ್ಲಿ ಸೆಳವೈತಿ ಅಂತ ಊರಿಗೆಲ್ಲ ಸುಳ್ಳು ಹೇಳೀನಿ. ಉಪ್ಪು ಇತ್ತೋ ಇಲ್ಲೋ, ಅವತ್ತು ನಾಕು ಮಂದಿ ನಗಲಿ ಅಂತ ನಿನ್ನ ಮಾನ ತಗದೆ."

ಗದ್ದೆವ್ವ ಗಂಟನ್ನು ಹರಿಗೋಲಿನೊಳಗಿಟ್ಟಳು.

"ಇರಲಿಲ್ಲೋ ತಮ್ಮಾ! ಒಂದ್ ಹರಳೂ ಹಾಕಿರಲಿಲ್ಲ. ನೀ ಎದ್ದು ಹೋದ ಮ್ಯಾಲೆ ಉಂಡು ನೋಡೀನಿ. ಹನ್ನೆರಡು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಂದು ಹದಿಮೂರು ಸೇರು ಬರಕೋ. ಹಿರ್‍ಯಾಕಿ ಅಲ್ಲೇನು, ಒಂದು ಜಾಸ್ತಿ."

ಇಬ್ಬರೂ ನಕ್ಕರು. ಕಣ್ಣೀರು ಬರುವಷ್ಟು ನಕ್ಕರು. ನಗುತ್ತಲೇ ಅಕ್ಕ ಹತ್ತಿ ಎರಡನೆಯ ಹುಟ್ಟು ಕೈಗೆತ್ತಿಕೊಂಡಳು. ಅವಳೂ ಅಂಬಿಗರ ಮಗಳೇ ತಾನೇ. ನಡುಹೊಳೆಯ ಸುಳಿ ಅವರನ್ನು ಮೂರು ಸುತ್ತು ತಿರುಗಿಸಿತಂತೆ. ಮೂರು ಸುತ್ತಿಗೂ ಎರಡು ಹುಟ್ಟು ಒಂದೇ ಸಮ ಬಿದ್ದವಂತೆ. ಹರಿಗೋಲು ಸುಳಿಯಿಂದ ಹಾರಿ ಬಂದು ಬಿಳಿಗುಂಡಿಯ ಮೆಟ್ಟಿಲಿಗೇ ಬಡಿಯಿತು ಎನ್ನುತ್ತಾರೆ. ಹೊತ್ತು ಮುಳುಗುವ ಮೊದಲೇ ಗದ್ದೆವ್ವನ ಕೈಯಲ್ಲಿ ಕೂಸು ಕಿರುಚಿತು. ಹೆಣ್ಣುಕೂಸು. ರೇವವ್ವನೂ ಉಳಿದಳು. ಕೂಸಿಗೆ ಉಪ್ಪವ್ವ ಎಂದು ಹೆಸರಿಟ್ಟರಂತೆ.

ಮರುದಿನದಿಂದ ಹರಿಗೋಲು ಕಪ್ಪು ಬಂಡೆಗೇ ಹತ್ತಿತು. ಗಾಳೆಪ್ಪ ಬದುಕಿರುವ ತನಕ, ಜನರ ಸಿಟ್ಟು ಕೇಳುವ ಮೊದಲು ತನ್ನದು ಎಷ್ಟೆಂದು ತಾನೇ ಕೂಗಿ ಹೇಳುತ್ತಿದ್ದನಂತೆ.

ಈಗ ಅಲ್ಲಿ ಸೇತುವೆಯಿದೆ. ಆದರೂ ಎರಡೂ ದಂಡೆಯ ಊರುಗಳಲ್ಲಿ ಯಾರಾದರೂ ಮುಖ ಊದಿಸಿಕೊಂಡು ಮನೆಗೆ ಬಂದರೆ, ಎಷ್ಟು ಸೇರು ಎಂದು ಕೇಳುತ್ತಾರೆ. ಏನೂ ಇಲ್ಲ ಎಂದವರನ್ನು ಒಂದು ಗಳಿಗೆ ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಾರೆ. ಹೊಳೆಗೆ ಹೊಸ ನೀರು ಬಂದ ದಿನ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಉಣ್ಣಲು ಹೋಗುತ್ತಾರೆ. ಅಂದು ಪುಂಡಿಪಲ್ಯಕ್ಕೆ ಬೇಕೆಂದೇ ಉಪ್ಪು ಹಾಕುವುದಿಲ್ಲ. ಒಂದು ತುತ್ತು ತಿಂದು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, "ಅಕ್ಕಾ, ಚೂರು ಉಪ್ಪು ಕೊಡು" ಎನ್ನಬೇಕು. ಅವಳು, "ಅಯ್ಯ, ಮರತೇನಲ್ಲೋ!" ಎಂದು ಊರಿಗೆಲ್ಲ ಕೇಳುವಂತೆ ನಗಬೇಕು.