ಮಾಚಕ್ಕನಿಗೆ ಬಂದ ಒಂದೇ ಮಾತಿನ ಕಾಗದ

ದಿಂಬಿನ ಮೇಲೆ ತಲೆ ಇಡು, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಅಜ್ಜಿ ಇದ್ದ ಕಾಲ ಅಂದ್ಕೋ, ಕಡಲ ದಂಡೇಲಿ ಮಾಚಕ್ಕ ಅಂತ ಸೂಲಗಿತ್ತಿ ಇದ್ದಳಂತೆ. ಒಂದ್ಸಲ ಇಂಗ್ಲಿಷ್ ದೊರೆಸಾನಿಗೆ ಹೆರಿಗೆ ಬಲು ಕಷ್ಟವಾಗಿ, ಇವಳು ಎರಡು ದಿನ ಪಕ್ಕ ಬಿಡದೆ ಕೂತು ತಾಯಿ ಮಗು ಇಬ್ಬರನ್ನೂ ಉಳಿಸಿದಳಂತೆ. ಬಾಣಂತನ ಮುಗಿಯೋದರೊಳಗೆ ಅಕ್ಕತಂಗೀರ ಹಾಗೆ ಆಗಿಬಿಟ್ಟರಂತೆ. ಆಮೇಲೆ ದೊರೆಗೆ ಬೇರೆ ಊರಿಗೆ ವರ್ಗ ಆಗಿ, ಅವಳೂ ಹೋದಳು. ಐದು ವರ್ಷ ಸುದ್ದಿಯೇ ಇಲ್ಲ.

ಒಂದು ದಿನ ಬಂದರಿನಿಂದ ಹಡಗಿನ ಆಳೊಬ್ಬ ಬಂದ. ಕನ್ನಡದಲ್ಲಿ ಅವನಿಗೆ ಬರ್ತಿದ್ದದ್ದು ದೊರೆಸಾನಿ ಅನ್ನೋದೊಂದೇ. ಚೀಟಿ ಕೊಟ್ಟ, ಹಡಗು ತೋರಿಸಿದ, ಅದು ಇಲ್ಲಿರೋದು ಮೂರೇ ದಿನ ಅನ್ನೋ ಹಾಗೆ ಮೂರು ಬೆರಳು ಎತ್ತಿ ಹೋದ. ದೊರೆಸಾನಿ ಕಾಯಿಲೆ ಬಿದ್ದು ತನ್ನ ದೇಶಕ್ಕೆ ಹೊರಟಿದ್ದಳಂತೆ, ಹಡಗಿಂದ ಇಳಿಯೋಕೂ ಆಗದೆ ಮಲಗಿದ್ದಳಂತೆ. ಪಾಪ, ಮಾಚಕ್ಕನ ಮನೆಯವರಿಗೆ ಇದು ಹೇಗೆ ಗೊತ್ತಾಗಬೇಕು?

ಚೀಟೀಲಿ ಮಾಚಕ್ಕನ ಹೆಸರು, ಅದರ ಮುಂದೆ ಉದ್ದಾನುದ್ದದ ಒಂದೇ ಇಂಗ್ಲಿಷ್ ಮಾತು. ಪಾದ್ರಿ ಶಾಲೇಲಿ ಒಂದು ವರ್ಷ ಕಲಿತಿದ್ದ ದೊಡ್ಡ ಮಗ ಅನ್, ಫರ್, ಗೆಟ್, ಟ, ಬಲ್ ಅಂತ ಐದು ತುಂಡು ಮಾಡಿ ಓದಿದ. ಬಾಯಿಗೇನೋ ಬಂತು, ಅರ್ಥ ಆಗಲಿಲ್ಲ. ಎರಡು ವರ್ಷ ಕಲಿತ ನಡುವಿನವನು ಇಣುಕಿ, ಅಮ್ಮಾ, ಫರ್ಗೆಟ್ ಅಂದ್ರೆ ಮರೆತುಬಿಡು ಅಂತ, ನನ್ನ ಮರೆತುಬಿಡು ಅಂತ ಬರೆದವಳೆ ಅಂದುಬಿಟ್ಟ.

ಮಾಚಕ್ಕ ಚೀಟಿ ಕಿತ್ತುಕೊಂಡು ಮೂಲೆಗೆಸೆದಳಂತೆ. ಇದನ್ನ ಹೇಳೋಕೆ ಅಷ್ಟು ದೂರದಿಂದ ಆಳು ಕಳಿಸಬೇಕಿತ್ತಾ ಅಂದಳಂತೆ. ಮಾರನೇ ದಿನ ಆಳು ಮತ್ತೆ ಬಂದು ಕರೆದ, ಬಾಗಿಲು ತೆಗೀಲಿಲ್ಲ. ಮೂರನೇ ದಿನವೂ ಬಂದ, ತೆಗೀಲಿಲ್ಲ.

ಅವತ್ತು ಸಂಜೆ ಗಂಡನ ಮನೆಯಿಂದ ಕಿರಿಮಗಳು ಕೆಂಚಿ ಬಂದಳು. ಮೂರು ವರ್ಷ ಕಲಿತವಳು. ಚೀಟಿ ನೋಡಿ, ದೊಡ್ಡಣ್ಣಾ, ಉಸಿರಿಗೆ ತಕ್ಕ ಹಾಗೆ ಒಡೆದರೆ ಸಾಲದು, ಅರ್ಥಕ್ಕೆ ತಕ್ಕ ಹಾಗೆ ಒಡೀಬೇಕು ಅಂದಳಂತೆ. ಬಾಲದ ಏಬಲ್ ಬೆರಳಲ್ಲಿ ಮುಚ್ಚಿ, ಇದು ಆಗುವಂಥದ್ದು ಅಂತ. ನಡುವಿಂದು ಮರೆಯೋದು, ಸರಿ. ಆದರೆ ಚಿಕ್ಕಣ್ಣಾ, ತಲೇಲಿರೋ ಅನ್ ಯಾಕೆ ಬಿಟ್ಟೆ? ಅನ್ ಅಂದ್ರೆ ಇಲ್ಲ ಅಂತ. ನಾವು ಇಲ್ಲ ಅನ್ನೋದನ್ನ ಕೊನೇಲಿ ಹೇಳ್ತೀವಿ, ಅವರು ಮೊದಲೇ ಹೇಳ್ತಾರೆ. ಅಮ್ಮಾ, ಮರೆಯೋಕಾಗದ ಮಾಚಕ್ಕ ಅಂತ ಬರೆದವಳೆ ಕಣಮ್ಮಾ!

ಮಾಚಕ್ಕ ತಲೆ ಕೂದಲೂ ಕಟ್ಟದೆ ಓಡಿದಳಂತೆ. ದಂಡೆಗೆ ಹೋಗೋ ಹೊತ್ತಿಗೆ ಹಡಗು ಹಾಯಿ ಬಿಚ್ಚಿ ದೂರ ಹೋಗಿತ್ತಂತೆ. ಸೊಂಟದವರೆಗೆ ನೀರಿಗಿಳಿದು ಕೂಗಿದಳಂತೆ, ಕೇಳಿಸಲಿಲ್ಲ.

ಆಮೇಲೆ ಪಾದ್ರಿಯಿಂದ ದೊರೆಸಾನಿಯ ಊರು ವಿಚಾರಿಸಿ, ಕೆಂಚಿ ಕೈಲಿ ಕಾಗದ ಬರೆಸಿದಳು. ಮೂರು ವರ್ಷಕ್ಕೆ ಉತ್ತರ ಬಂತು. ಬರೆದವಳು ದೊರೆಸಾನಿಯಲ್ಲ, ಮಾಚಕ್ಕ ಉಳಿಸಿದ್ದ ಆ ಮಗು, ಈಗ ಎಂಟು ವರ್ಷದ ಹುಡುಗಿ. ಅಮ್ಮ ಊರು ಮುಟ್ಟೋದರೊಳಗೆ ತೀರಿಕೊಂಡಳು, ನೀವು ಬರ್ತೀರಿ ಅಂತ ಮೂರು ದಿನವೂ ನನ್ನ ಕೈಲಿ ದಂಡೆ ನೋಡಿಸ್ತಿದ್ದಳು ಅಂತ ಇತ್ತಂತೆ. ನಡುವಿನ ಮಗ ಅತ್ತೇ ಅತ್ತ. ಮಾಚಕ್ಕ ಅವನಿಗೆ ಬೈಲಿಲ್ಲವಂತೆ. ನೀನು ಓದಿದ್ದು ಅರ್ಧ, ನಾನು ನಂಬಿದ್ದು ಪೂರ್ತಿ, ತಪ್ಪು ನಂದೇ ಮಗಾ ಅಂದಳಂತೆ.

ವರ್ಷಕ್ಕೊಂದು ಕಾಗದ ಬರ್ತಾ ಇತ್ತು, ಕೆಂಚಿ ಓದೋಳು, ಆ ಹುಡುಗಿ ಬೆಳೆದದ್ದು, ಮದುವೆಯಾದದ್ದು ಎಲ್ಲಾ ಕೇಳಿ ಮಾಚಕ್ಕ ಸಮಾಧಾನ ಮಾಡ್ಕೊಂಡು ಬಾಳಿದಳಂತೆ. ಹೊದ್ದುಕೋ ಕಂದಾ, ಕತೆ ಇಷ್ಟೇ, ಮುಗೀತು.